ಬೀಸುಕಲ್ಲಿಗೆ ಸ್ಕಾಟ್ಲೆಂಡಿನ ಸಾಕ್ಷಿ

ಇತಿಹಾಸ ಕಲಿಸುವವರಿಗೆ ಮನೆಯ ಉಸಾಬರಿಗಿಂತ ದೇಶಾಂತರದ ಉಸಾಬರಿಯೇ ಹೆಚ್ಚು. ನಾನು ಇಂಡಿ ಎಂಬ ಊರಿನ ಹೈಸ್ಕೂಲು ಮಾಸ್ತರ. ಮೊನ್ನೆ ರಜೆಯಲ್ಲಿ ಮೊಬೈಲು ಹಿಡಿದು ಸ್ಕಾಟ್ಲೆಂಡಿನ ೧೯೯೬ನೇ ಇಸವಿಯಲ್ಲಿ ಮುಳುಗಿದ್ದೆ. ಎಂಥ ವರ್ಷವದು! ಅಪ್ಪನಿಲ್ಲದೆ, ಬೇರೊಂದು ಕುರಿಯ ಕೆಚ್ಚಲಿನ ಜೀವಕಣದಿಂದ ಡಾಲಿ ಎಂಬ ಮರಿ ಹುಟ್ಟಿದ್ದು ಆಗಲೇ. ಇಂಗ್ಲೆಂಡಿನ ರಾಜ ಹೊತ್ತೊಯ್ದಿದ್ದ ಪಟ್ಟಾಭಿಷೇಕದ ಕಲ್ಲು ಏಳುನೂರು ವರ್ಷಗಳ ಮೇಲೆ ಮರಳಿ ಬಂದದ್ದೂ ಆಗಲೇ. ಒಂದು ಕಲ್ಲಿಗೆ ಸೈನಿಕರ ಕಾವಲು, ಬೀದಿಯುದ್ದಕ್ಕೂ ಜನ! ನನಗೆ ಮೈ ಜುಮ್ಮೆಂದಿತು. ತಡೆಯಲಾರದೆ ಹೆಂಡತಿ ಶಾಂತಾಳಿಗೆ ಓದಿ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಕುರಿದು ಇರ್ಲಿ ಬಿಡ್ರಿ, ಕಲ್ಲಿಂದು ಇನ್ನೊಮ್ಮೆ ಹೇಳ್ರಿ." ಹೇಳಿದೆ. "ಏಳುನೂರು ವರ್ಷಾದ ಮ್ಯಾಲೂ ಕೊಟ್ರಾ? ನಮ್ಮವ್ವನ ಬೀಸುಕಲ್ಲು ತಾಂಬಾದಾಗ ಕುಂತೈತಿ. ಅದನ್ನ ಯಾರು ತರೋರು?"

ಅವಳ ತವರು ಅಗರಖೇಡ. ತಾಯಿ ತೀರಿಕೊಂಡಾಗ ಅವಳು ಕೇಳಿ ಪಡೆದದ್ದು ಆ ಬೀಸುಕಲ್ಲೊಂದನ್ನೇ. ನಾವು ಅಣ್ಣತಮ್ಮಂದಿರು ಬೇರೆಯಾದಾಗ ಅದು ತಾಂಬಾದಲ್ಲಿ ನನ್ನ ಅಣ್ಣನ ಮನೆಯಲ್ಲೇ ಉಳಿಯಿತು. ಕೇಳೋಣವೆಂದರೆ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಾಯಿಗೆ ನಾನು ಮೊದಲಿನಿಂದಲೂ ಅಂಜುವವನು. ಶಾಂತಾ ಮಾತ್ರ ಈ ಸಲ ಬಿಡಲಿಲ್ಲ.

ಒಬ್ಬನೇ ಹೊರಟೆ; ಬಸ್ಸಿನಲ್ಲಿ ಭಾಷಣ ಸಿದ್ಧಪಡಿಸಿಕೊಂಡೆ. ಅಣ್ಣನ ಮನೆ ಮುಟ್ಟಿ, "ವೈನಿ, ಸ್ಕಾಟ್ಲೆಂಡಿನಾಗ ಏನಾತಂದ್ರ..." ಎಂದು ಶುರು ಮಾಡುತ್ತಲೇ ಅವರು, "ಬೀಸುಕಲ್ಲಿಗೆ ಬಂದೀರೇನ್ರಿ ಮಾಸ್ತರ? ಮೊದ್ಲ ಚಾ ಕುಡೀರಿ" ಎಂದರು. ಭಾಷಣ ಚಹಾದ ಜೊತೆ ಒಳಗೇ ಇಳಿಯಿತು. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, "ತವರಿನ ಕಲ್ಲು ಬರಿದ ಕಳಸಬಾರ್ದು" ಎಂದು ಒಂದು ಚೀಲ ಜೋಳ ಕಟ್ಟಿಕೊಂಡು ತಾವೂ ನನ್ನೊಡನೆ ಟಂಟಂ ಆಟೊ ಹತ್ತಿದರು.

ಕಲ್ಲನ್ನು ಮನೆಯೊಳಗೆ ಇಳಿಸಿದಾಗ ಶಾಂತಾ ಅದರ ಮುಂದೆ ಕೂತುಬಿಟ್ಟಳು. ತಾಯಿ ಹಿಡಿದೂ ಹಿಡಿದೂ ನುಣುಪಾಗಿದ್ದ ಗೂಟವನ್ನು ಸವರುತ್ತ ಅತ್ತಳು. ಆಮೇಲೆ ಅವಳೂ ವೈನಿಯೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು, ಹಾಡುತ್ತ ಜೋಳ ಬೀಸತೊಡಗಿದರು. ಆ ದನಿಗೆ ಗೋಡೆಗಳೇ ಗುಂಯ್‌ಗುಟ್ಟಿದವು. ನನ್ನ ಕಣ್ಣು ತುಂಬಿತು. ಬೀದಿಯುದ್ದಕ್ಕೂ ಜನ ಒಂದು ಕಲ್ಲಿಗಾಗಿ ಯಾಕೆ ನಿಂತಿದ್ದರೆಂದು ಬಾಗಿಲಲ್ಲಿ ನಿಂತ ನನಗೆ ಆಗ ತಿಳಿಯಿತು.

ಹಾಡು ಮುಗಿದಾಗ ಶಾಂತಾ ಮೆಲ್ಲಗೆ ಕೇಳಿದಳು: "ಇಷ್ಟು ವರ್ಷ ಯಾಕ ಕಳಸಲಿಲ್ಲಕ್ಕಾ?"

"ಯಾರರ ಕೇಳಿದ್ರ ಕೊಡತಿದ್ನೆವಾ. ಕೇಳಲಾರದ ಕಳಿಸಿದ್ರ, 'ನನ್ನ ಕಲ್ಲು ಹೊರಗ ಹಾಕಿದ್ಲು' ಅಂತ ನೀನ ಅಂತಿದ್ದಿ."

ಬೀಸುವುದು ನಿಂತಿತು. ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ತಿರುಗಿದರು. ಏಳುನೂರು ವರ್ಷ ಕಲ್ಲು ಇಟ್ಟುಕೊಂಡ ಇಂಗ್ಲೆಂಡಿನ ರಾಜರನ್ನೂ ಯಾರೂ ಹಾಗೆ ನೋಡಿರಲಾರರು.