ರೋಲು ಮುಗಿದರೂ ಮುಗಿಯದ ಗಿರಾಕಿಗಳು

ಶಿರಸಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ನನ್ನ ಸೊಂಟ ಬಿದ್ದುಹೋಗಿದೆ. ಫಿಲ್ಮ್ ರೋಲಿನ ಕಾಲದಲ್ಲೂ ಇಂಥ ಪ್ರಸಂಗಗಳು ಆಗುತ್ತಿದ್ದವು, ಡಿಜಿಟಲ್ ಬಂದ ಮೇಲೂ ಆಗುತ್ತಲೇ ಇವೆ. ಕ್ಯಾಮೆರಾ ಬದಲಾಯಿತು, ಎದುರಿಗೆ ನಿಲ್ಲುವವರು ಬದಲಾಗಲಿಲ್ಲ.

ಖಾಲಿ ಫ್ಲ್ಯಾಶು

ಮೊದಲೆಲ್ಲ ಮದುವೆಮನೆಯಲ್ಲಿ ರೋಲು ಉಳಿಸಲು ಒಂದು ಉಪಾಯವಿತ್ತು. ಯಾರ ಫೋಟೋ ಮನೆಯವರಿಗೆ ಬೇಡವೋ ಅವರು ವೇದಿಕೆ ಹತ್ತಿದರೆ ಬರೀ ಫ್ಲ್ಯಾಶು ಹೊಡೆಯುವುದು. ಅವರಿಗೂ ಖುಷಿ, ಫಿಲ್ಮೂ ಉಳಿಯಿತು. ಸಿದ್ದಾಪುರ ಕಡೆಯ ಯಜಮಾನರೊಬ್ಬರು ಇದಕ್ಕೆ ಕಿವಿ ತುರಿಸಿ ಸನ್ನೆ ಮಾಡುತ್ತಿದ್ದರು. ಮೊನ್ನೆ ಅವರ ಮೊಮ್ಮಗನ ಉಪನಯನ. ಅವರ ಷಡ್ಡಕ ಬಂದು ನಿಂತದ್ದೇ ತಡ, ಯಜಮಾನರ ಕೈ ಕಿವಿಗೆ ಹೋಯಿತು.

"ಈಗ ರೋಲಿಲ್ಲ ಯಜಮಾನ್ರೇ, ಎಷ್ಟು ತೆಗೆದರೂ ಖರ್ಚಿಲ್ಲ" ಎಂದೆ.

"ರೋಲಿನ ಮಾತು ಯಾರು ಆಡಿದ್ದು ಮಾರಾಯಾ? ಆ ಮೋರೆ ಎನ್ನ ಆಲ್ಬಮ್ಮಲ್ಲಿ ಬ್ಯಾಡ!"

ದೊಡ್ಡದು ಮಾಡಿ

ಲಾರಿ ಮಾಲೀಕರೊಬ್ಬರು ಮೊಬೈಲಿಗೆ ಬಂದ ಹೆಬ್ಬೆರಳಿನಷ್ಟು ಫೋಟೋ ತೋರಿಸಿ, ಇದನ್ನು ಗೋಡೆಯಷ್ಟು ದೊಡ್ಡದು ಮಾಡಿಕೊಡಿ ಎಂದರು. ಅದು ಅವರ ಮೊದಲ ಲಾರಿ. ಅಷ್ಟು ಹಿಗ್ಗಿಸಿದರೆ ಬರೀ ಚೌಕ ಚೌಕ ಕಾಣುತ್ತದೆ ಸಾಹೇಬ್ರೆ ಎಂದು ತಿಳಿಸಿ ಹೇಳಿದೆ.

"ಪರ್ವಾ ಇಲ್ಲ, ನಾವು ದೂರದಿಂದ ನೋಡ್ತೀವಿ" ಎಂದರು.

ದೃಶ್ಯಕಲೆಯ ಪರಿಚಯ

ಯಲ್ಲಾಪುರದ ಕಡೆ ಒಂದು ಶಾಲೆಯಲ್ಲಿ ದೃಶ್ಯಕಲೆಯ ಬಗ್ಗೆ ಮಾತಾಡಲು ಕರೆದಿದ್ದರು. ಬೆಳಕು, ನೆರಳು, ಫಿಲ್ಮಿಗೂ ಡಿಜಿಟಲ್ಲಿಗೂ ಇರುವ ವ್ಯತ್ಯಾಸ ಎಲ್ಲ ಗಂಟಲು ಹರಿಯುವಂತೆ ಹೇಳಿದೆ. ಹಳೇ ರೋಲಿನ ಕ್ಯಾಮೆರಾದಲ್ಲಿ ಮಕ್ಕಳ ಫೋಟೋ ತೆಗೆದು, ರೋಲು ಹೊರಗೆ ತೆಗೆದು ಮೇಜಿನ ಮೇಲಿಟ್ಟು ನೀರು ಕುಡಿಯಲು ತಿರುಗಿದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಅದನ್ನು ಸರ್ರನೆ ಪೂರ್ತಿ ಎಳೆದು, ಕಿಟಕಿಯ ಬಿಸಿಲಿಗೆ ಹಿಡಿದಿದ್ದರು.

"ಇದರಾಗ ಏನೂ ಬಂದೇ ಇಲ್ಲಲ್ರಿ?"

"ಬಂದಿತ್ತು ಸಾರ್. ನೀವು ಎಳೆದು ಬಿಸಿಲಿಗೆ ಹಿಡಿಯುವ ತನಕ ಇತ್ತು."

"ಹೋಗ್ಲಿ ಬಿಡ್ರಿ, ಬ್ಯಾಕಪ್ ಇರ್ತದಲ್ಲ!"

ಪಕ್ಕದ ಫೋಟೋ

ಸೋಂದಾ ಕಡೆಯಿಂದ ಅಜ್ಜಿಯೊಬ್ಬರು ಬಂದರು. ಗಂಡ ಚಿಕ್ಕ ಪ್ರಾಯದಲ್ಲೇ ಹೋದವರು. ಅವರ ಕಪ್ಪುಬಿಳುಪು ಫೋಟೋ ಚೀಲದಲ್ಲಿತ್ತು. ಅದರ ಪಕ್ಕ ತೂಗುಹಾಕಲು, ಅದೇ ನಮೂನೆಯ ತನ್ನ ಫೋಟೋ ಈಗಲೇ ಬೇಕು ಎಂದರು.

"ಆನು ಹೋದ್ಮೇಲೆ ಮಕ್ಕ ಮೊಬೈಲಲ್ಲಿದ್ದ ಎಂತದೋ ಹಾಕ್ತ, ಹಪ್ಪಳ ಒಣಗ್ಸ ಫೋಟೋ. ಇವ್ರ ಪಕ್ಕ ಚೊಲೋ ಕಾಣ್ಬೇಕು ತಮಾ."

ಉಳಿದಿದ್ದ ಒಂದು ಕಪ್ಪುಬಿಳುಪು ರೋಲಿನಲ್ಲಿ ತೆಗೆದು, ನಾನೇ ತೊಳೆದು ಪ್ರಿಂಟು ಹಾಕಿದೆ. ಮುಂದಿನ ವಾರ ಬಂದಾಗ ಎರಡನ್ನೂ ಜೋಡಿಸಿಟ್ಟು ತೋರಿಸಿದರೆ, ತಾಯಿ ಮಗನ ಹಾಗೆ ಕಂಡವು. ಅಜ್ಜಿ ಎರಡನ್ನೂ ಕೈಗೆತ್ತಿಕೊಂಡು ನೋಡಿದರು.

ಆಮೇಲೆ ಅವರೇ ಹೇಳಿದರು: "ಆನೊಬ್ಳೇ ಎಂತಕ್ಕೆ ಮುದುಕಿ ಆಗ್ಬೇಕು? ಇವ್ರಿಗೂ ವಯಸ್ಸು ಮಾಡು. ಕಂಪ್ಯೂಟರಲ್ಲಿ ಎಲ್ಲಾ ಆಗ್ತಡ."

ಕುತ್ತಿಗೆ ನೋವಿನಲ್ಲೇ ಮಧ್ಯಾಹ್ನವಿಡೀ ಕೂತೆ. ಗಂಡನ ಫೋಟೋ ಸ್ಕ್ಯಾನ್ ಮಾಡಿ ಕೂದಲು ಬೆಳ್ಳಗೆ ಮಾಡಿದೆ, ಕೆನ್ನೆ ಒಳಗೆ ಹಾಕಿದೆ, ಹಣೆಗೆ ಗೆರೆ ಎಳೆದೆ. ಅಜ್ಜಿ ಹಿಂದಿನ ಕುರ್ಚಿಯಲ್ಲಿ ಎಲೆಅಡಿಕೆಯ ಕವಳ ಹಾಕಿಕೊಂಡು ಕಾಯುತ್ತಿದ್ದರು. ಕೊನೆಗೆ ಪರದೆ ಅವರ ಕಡೆ ತಿರುಗಿಸಿದೆ.

ಅಜ್ಜಿ ದಡಕ್ಕನೆ ಎದ್ದು ನಿಂತರು. ಸೆರಗು ಹೊದ್ದುಕೊಂಡರು. ಗಂಡನೇ ಎದುರು ಬಂದ ಹಾಗಾಯಿತೇನೋ ಎಂದು ನನ್ನ ಕಣ್ಣೂ ಒದ್ದೆಯಾಯಿತು.

"ಹಳೇದೇ ಇರ್ಲಿ ತಮಾ, ಇದನ್ನ ಅಳ್ಸು" ಎಂದರು ಮೆಲ್ಲಗೆ. "ಇದು ಥೇಟು ಎಂಗಳ ಅತ್ತೆ! ಇಡೀ ಜೀವಮಾನ ಅತ್ತೆ ಎದ್ರಿಗೆ ನಿಂತೇ ಕಳ್ದೆ. ಗೋಡೆ ಮೇಲಾದ್ರೂ ಆನು ಆರಾಮ ಕೂತ್ಕತ್ತೆ!"