ಗಾಬೋರ್ ಸಾರ್ ಕೊಟ್ಟ ಬಾಟಲಿ

ಶುಕ್ರವಾರ ಮಧ್ಯಾಹ್ನ ಆಫೀಸು ಮುಚ್ಚುವ ಗಡಿಬಿಡಿಯಲ್ಲಿ ಮ್ಯಾನೇಜರ್ ಗಾಬೋರ್ ಸಾರ್ ಫಿಡೆಲಿಸನ ಮೇಜಿನ ಮೇಲೆ ಒಂದು ಬಾಟಲಿ ಇಟ್ಟರು. "ನಮ್ಮ ಹಂಗೇರಿಯ ತೊಕಾಯಿ ವೈನ್. ಹೆಂಡತಿ ಜೊತೆ ಕುಡಿ. ಸೋಮವಾರ ಮಾತಾಡೋಣ" ಎಂದು ಬೆನ್ನು ತಟ್ಟಿ, ನಕ್ಕು ಹೋದರು.

ಆ ನಗುವೇ ಎಡವಟ್ಟಾಯಿತು ನೋಡಿ. ಹದಿನಾಲ್ಕು ವರ್ಷದಲ್ಲಿ ಸಾರ್ ನಕ್ಕದ್ದನ್ನು ಫಿಡೆಲಿಸ್ ಕಂಡದ್ದು ಒಂದೇ ಸಲ, ಮೂರು ತಿಂಗಳ ಹಿಂದೆ ಅದೇ ಆಫೀಸಿನ ವಿಲ್ಸನ್‌ಗೆ ಚಾಕಲೇಟ್ ಡಬ್ಬಿ ಕೊಟ್ಟಾಗ. ವಾರ ಕಳೆಯುವುದರೊಳಗೆ ವಿಲ್ಸನ್ನನ ವೀಸಾ ಕ್ಯಾನ್ಸಲ್ ಆಗಿ, ಅವನು ಊರಿನ ವಿಮಾನ ಹತ್ತಿದ್ದ.

"ಪೊರ್ಬುಗಳೇ, ಇದು ಆ ಚಾಕಲೇಟಿನ ದೊಡ್ಡಣ್ಣ" ಎಂದ ಪಕ್ಕದ ಮೇಜಿನ ಸರ್ವೋತ್ತಮ, ಊರಲ್ಲಿ ಕ್ರಿಸ್ತರನ್ನು ಕರೆಯುವ ಧಾಟಿಯಲ್ಲೇ. ಗಲ್ಫಿನ ಖಾಲಿದಿಯಾ ಬಡಾವಣೆಯಲ್ಲಿ ಫಿಡೆಲಿಸನ ಎದುರು ಫ್ಲ್ಯಾಟಿನವನೂ ಅವನೇ. ಹಾಗಾಗಿ ಅನುಮಾನ ಆಫೀಸಿನಲ್ಲಿ ಹುಟ್ಟಿ, ಅದೇ ಕಾರಿನಲ್ಲಿ ಕೂತು ಮನೆಗೂ ಬಂತು.

ಊರವರ ಮದುವೆಗಳಲ್ಲಿ ಲೋಟ ಎತ್ತಿ ಶುಭ ಕೋರುವ ಟೋಸ್ಟ್ ಹೇಳಲು ದುಬೈಯಿಂದಲೂ ಕರೆ ಬರುತ್ತಿದ್ದ ಫಿಡೆಲಿಸನಿಗೆ ಈಗ ಬಾಯೇ ಒಣಗಿತ್ತು. ಕೆಲಸ ಹೋದರೆ ಮಗಳು ಬ್ರೆಂಡಾಳ ಹತ್ತನೆ ಕ್ಲಾಸಿನ ಗತಿ? ಅರ್ಧ ವರ್ಷದಲ್ಲಿ ಅವಳನ್ನು ಊರಿನ ಯಾವ ಶಾಲೆಗೆ ಸೇರಿಸುವುದು?

ಬ್ರೆಂಡಾ ಮೊಬೈಲಿನಲ್ಲಿ ಹುಡುಕಿದಳು. "ಪಪ್ಪಾ, ಇಟ್ಸ್ ವೆರಿ ಫೇಮಸ್! ಗಿಡದಲ್ಲೇ ಬೂಷ್ಟು ಹಿಡಿದ ದ್ರಾಕ್ಷಿಯಿಂದ ಮಾಡ್ತಾರಂತೆ."

ಸರ್ವೋತ್ತಮನ ಹಿಂದೆಯೇ ಬಂದಿದ್ದ ಅವನ ಹೆಂಡತಿ ರಾಜೀವಿ ಮೂಗು ಮುಚ್ಚಿಕೊಂಡಳು. "ಬೂಷ್ಟಾ! ಅಂಥದ್ದನ್ನು ನಾವು ಕಸಕ್ಕೆ ಹಾಕುವುದು ಮಾರಾಯ್ರೆ."

"ಅರ್ಥ ಆಗ್ಲಿಲ್ವಾ?" ಎಂದ ಸರ್ವೋತ್ತಮ. "ನೀವೂ ಹಳತಾಗಿದ್ದೀರಿ ಅಂತ ಸೂಚನೆ."

ಎಮಿಲಿಯಾ ಬಾಟಲಿಯನ್ನು ಬೆಳಕಿಗೆ ಹಿಡಿದು ಗಂಡ ಫಿಡೆಲಿಸನನ್ನು ಕೇಳಿದಳು. "ಕ್ರಿಸ್ಮಸ್‌ಗೆ ಅಮ್ಮ ಮಾಡುವ ವೈನ್ ಕೆಂಪಗಿರ್ತದೆ. ಇದೆಂತ, ಹಳೆ ಜೇನಿನ ಬಣ್ಣ? ಒಂದು ಚಮಚ ನೋಡುವನಾ?"

ಪರೀಕ್ಷೆಗೆಂದು ಒಂದೊಂದು ಚಮಚ ಆಯಿತು. ನಾಲಗೆಗೆ ಮೊದಲು ಜೇನು, ಹಿಂದೆಯೇ ಕಿತ್ತಳೆ ಸಿಪ್ಪೆಯಂಥ ಸಣ್ಣ ಹುಳಿ, ಆಮೇಲೆ ಗಂಟಲಿನವರೆಗೂ ಒಂದು ಬೆಚ್ಚನೆಯ ಸುಖ.

"ಇಷ್ಟು ಚೆನ್ನಾಗಿರುವುದನ್ನು ಸುಮ್ಮನೆ ಯಾರು ಕೊಡ್ತಾರೆ? ನಂಗೆ ಡೌಟೇ" ಎಂದು ರಾಜೀವಿ ಲೋಟ ಚಾಚಿದಳು. ಡೌಟು ಪರಿಹಾರಕ್ಕೆ ದೊಡ್ಡವರೆಲ್ಲ ಮತ್ತೊಮ್ಮೆ ಕುಡಿದರು. ಪರಿಹಾರವಾಗಲಿಲ್ಲ, ಮತ್ತೊಮ್ಮೆ ಕುಡಿದರು. ಸಂಜೆ ಐದಕ್ಕೆ ಬಾಟಲಿ ಮುಕ್ಕಾಲು ಖಾಲಿ, ಅನುಮಾನ ಮಾತ್ರ ತುಂಬಿ ತುಳುಕುತ್ತಿತ್ತು.

"ತೆಗೆದು ಹಾಕಿದ್ರು ಅಂದ್ರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ" ಎಂದ ಸರ್ವೋತ್ತಮ. "ನಾವೇ ಬಿಟ್ಟದ್ದು ಅಂದ್ರೆ ಮರ್ಯಾದೆ. ಮೊಬೈಲ್ ತೆಗೀರಿ, ನಾನು ಹೇಳ್ತೇನೆ, ನೀವು ಬರೀರಿ. ಕೊನೆಗೊಂದು ಸಾಲು ಹಾಕಿ: ದಯವಿಟ್ಟು ನನ್ನ ಮನವೊಲಿಸಬೇಡಿ."

"ಸೋಮವಾರದವರೆಗೆ ಕಾಯಬಾರದಾ?" ಎಂದಳು ಎಮಿಲಿಯಾ. ಅಷ್ಟರಲ್ಲಿ ತೊಕಾಯಿ ಕೊಟ್ಟ ಧೈರ್ಯ ಫಿಡೆಲಿಸನ ಹೆಬ್ಬೆರಳಿಗೆ ಇಳಿದಾಗಿತ್ತು. ರಾಜೀನಾಮೆ ಹೋಯಿತು.

ಆರೂವರೆಗೆ ಗಾಬೋರ್ ಸಾರ್ ಫೋನ್ ಮಾಡಿದರು. ಫಿಡೆಲಿಸ್ ಸ್ಪೀಕರ್ ಹಾಕಿದ.

"ಏನಪ್ಪಾ ಇದು? ಸೋಮವಾರ ನಿನ್ನನ್ನು ಸ್ಟೋರ್ ಮ್ಯಾನೇಜರ್ ಮಾಡುವವನಿದ್ದೆ. ಅದಕ್ಕೇ ಆ ವೈನ್ ಕೊಟ್ಟದ್ದು!"

"ಸಾರ್... ಹಾಗಾದ್ರೆ ವಿಲ್ಸನ್?"

"ಅವನಿಗೂ ಅದೇ ಹುದ್ದೆ ಕೊಡುವುದಿತ್ತು. ಚಾಕಲೇಟ್ ತಗೊಂಡ, ರಾಜೀನಾಮೆ ಬರೆದ. ದಯವಿಟ್ಟು ನನ್ನ ಮನವೊಲಿಸಬೇಡಿ ಅಂತ ಅವನೂ ಬರೆದಿದ್ದ."

ಫಿಡೆಲಿಸ್ ನಿಧಾನವಾಗಿ ಸರ್ವೋತ್ತಮನ ಕಡೆ ತಿರುಗಿದ. ಸರ್ವೋತ್ತಮ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

"ಸಾರ್, ನನ್ನದು ವಾಪಸ್ ತಗೊಳ್ತೇನೆ!"

"ಓನರಿಗೆ ಕಳಿಸಿದೆ, ಅವರು ಸಿಟ್ಟಿನಲ್ಲಿ ಒಪ್ಪಿಯೇ ಬಿಟ್ಟರು. ಖಲಾಸ್, ಫಿಡೆಲಿಸ್."

ಎರಡು ನಿಮಿಷಕ್ಕೆ ಸರ್ವೋತ್ತಮನ ಫೋನ್ ಬಡಿದುಕೊಂಡಿತು. ಅವನು ಎದ್ದು ನಿಂತು ಮಾತಾಡಿದ.

"ಯೆಸ್ ಸಾರ್... ಸ್ಟೋರ್ ಮ್ಯಾನೇಜರಾ? ನಾನಾ? ಥ್ಯಾಂಕ್ಯೂ ಸಾರ್... ಇಲ್ಲ ಸಾರ್, ಖಂಡಿತ ಬಿಟ್ಟು ಹೋಗುವುದಿಲ್ಲ. ಗಿಫ್ಟ್ ಎಂತದೂ ಬೇಡ ಸಾರ್."

ಫೋನ್ ಜೇಬಿಗಿಳಿಸಿ, ಉಳಿದ ವೈನನ್ನು ಲೋಟಗಳಿಗೆ ಹಂಚಿದ. "ದೇವರ ಇಚ್ಛೆ ಪೊರ್ಬುಗಳೇ, ನಮ್ಮ ಕೈಯಲ್ಲಿ ಎಂತ ಉಂಟು? ನಿಮ್ಮ ಬಾಯಿಂದ ಒಂದು ಟೋಸ್ಟ್ ಆಗಲಿ."

ಫಿಡೆಲಿಸ್ ಮುಷ್ಟಿ ಬಿಗಿದ. ಎಮಿಲಿಯಾ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ಹೇಳಿ ಮಾರಾಯ್ರೆ. ಬಾಕಿ ಹಣ ಸಿಗಲಿಕ್ಕೆ ನಿಮ್ಮ ಕ್ಲಿಯರೆನ್ಸ್ ಪೇಪರಿಗೆ ಸಹಿ ಹಾಕುವವರು ಇನ್ನು ಅವರೇ."

ಫಿಡೆಲಿಸ್ ಗಂಟಲು ಸರಿಮಾಡಿಕೊಂಡು, ಲೋಟ ಹಿಡಿದು ಎದ್ದು ನಿಂತ.