ಬಾಗಿಲು ಹಾಕೋಕ್ಕೂ ಲೆವೆಲ್ ಬೇಕು

ಇಲ್ಲ, ಮುಗಿಸಲ್ಲ. ಕಾಲೇಜು ತಾನೇ? ಮುಗಿಸಲ್ಲ. ನೀವು ಬಾಯಿಬಿಟ್ಟು ಕೇಳ್ಲಿಲ್ಲ, ಒಪ್ಕೋತೀನಿ. ಆದ್ರೆ ಕೈಲಿ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು, ನನ್ನ ಉಗುರಲ್ಲಿರೋ ಗ್ರೀಸ್ ನೋಡಿ, ಆಮೇಲೆ ನಮ್ಮಕ್ಕನ ಮುಖ ನೋಡಿ, 'ಪಾಪ' ಅನ್ನೋ ಥರ ತಲೆ ಅಲ್ಲಾಡಿಸಿದ್ರಲ್ಲ, ಅದು ಪ್ರಶ್ನೆ ಅಲ್ದೆ ಇನ್ನೇನು? ವೀಸಾ ಗತಿ ಏನು ಅಂತಾನೂ ಕಣ್ಣಲ್ಲೇ ಕೇಳ್ಬೇಡಿ. ಅಪ್ಪನ ಪುಣ್ಯ, ಗ್ರೀನ್ ಕಾರ್ಡ್ ಇದೆ.

ಮಾಡೋ ಕೆಲಸ ಹೇಳ್ತೀನಿ, ಕೇಳಿ. ಟೆಕ್ಸಸ್‌ನ ಜಾರ್ಜ್‌ಟೌನ್ ಹತ್ರ ಒಂದು ಯಾರ್ಡು. ಅಲ್ಲಿ ಟ್ರೇಲರ್ ಮಾರ್ತೀವಿ, ಬಾಡಿಗೆಗೂ ಕೊಡ್ತೀವಿ. ಅಡುಗೆಮನೆ, ಮಂಚ, ಬಾತ್‌ರೂಮು ಎಲ್ಲಾ ಇರೋ ಚಕ್ರದ ಮೇಲಿನ ಮನೆ. ಟ್ರಕ್ಕಿಗೆ ಸಿಕ್ಕಿಸ್ಕೊಂಡು ಹೋಗಿ ಲೇಕ್ ದಂಡೇಲಿ ಗಿರಾಕಿಗೆ ನಿಲ್ಸಿಕೊಡೋದು ನನ್ನ ಕೆಲಸ. ತಗ್ಗಿರೋ ಕಡೆ ಚಕ್ರದ ಕೆಳಗೆ ಹಲಗೆ ಕೊಡ್ಬೇಕು. ಉರುಳದ ಹಾಗೆ ಬೆಣೆ ಹಾಕ್ಬೇಕು. ಟ್ರಕ್ ಬಿಚ್ಚಿ, ಮುಂದಿನ ಜ್ಯಾಕ್ ತಿರುಗಿಸಿ ಹಿಂದೆ ಮುಂದೆ ಸಮ ಮಾಡ್ಬೇಕು. ಆಮೇಲೆ ಅಲ್ಲಾಡದ ಹಾಗೆ ಮೂಲೆ ಕಾಲುಗಳನ್ನ ಇಳಿಸ್ಬೇಕು. ಎಲ್ಲಾ ಆಗಿ ಕಟ್ಟಕಡೆಗೆ ಸ್ಲೈಡು. ಬಟನ್ ಒತ್ತಿದ್ರೆ ಒಂದು ಗೋಡೆ ಸೋಫಾ ಸಮೇತ ಹೊರಗೆ ಬರುತ್ತೆ, ಮೇಜಿನ ಡ್ರಾ ಎಳ್ದ ಹಾಗೆ. ಇಕ್ಕಟ್ಟು ರೂಮು ಹಾಲ್ ಆಗುತ್ತೆ. ಇಷ್ಟೇ. ಕ್ರಮ ಹಿಂದುಮುಂದಾದ್ರೆ ಮುರಿಯುತ್ತೆ. ಇದು ಅರ್ಥ ಆಗೋಕೆ ಡಿಗ್ರಿ ಬೇಡ. ನಾನು ಕಂಡ ಹಾಗೆ, ಡಿಗ್ರಿ ಇದ್ರೆ ಅರ್ಥಾನೇ ಆಗಲ್ಲ.

ನಾನಿರೋದು ಅಕ್ಕನ ಮನೆ ಮಹಡಿ ರೂಮಲ್ಲಿ. ಭಾವ ಆಸ್ಟಿನ್‌ನಲ್ಲಿ ಚಿಪ್ ಡಿಸೈನ್ ಮಾಡ್ತಾರೆ. ಅವರದ್ದು ಒಂದೇ ಷರತ್ತು: "ಈ ಕೆಲಸ ಇರೋವರೆಗೆ ನಾನು ಮಾತಾಡಲ್ಲ. ಹೋದ ದಿನ ನೀನು ಹೂಸ್ಟನ್‌ಗೆ ವಾಪಸ್, ಅದೇ ಕಾಲೇಜು, ಅದೇ ಥರ್ಮೋಡೈನಮಿಕ್ಸು." ಅದಕ್ಕೇ ಈ ಕೆಲಸಾನ ಉಡ ಹಿಡ್ದ ಹಾಗೆ ಹಿಡ್ಕೊಂಡಿದೀನಿ. ಬಿಡಿಸೋಕೆ ಅಂತಾನೇ ನಮ್ಮೋರು ವಾರವಾರ ಟ್ರೇಲರ್ ಬುಕ್ ಮಾಡ್ತಾರೆ. ಟೆಕ್ಸಸ್‌ನ ನಮ್ಮ ಓನರ್, ಗಿರಾಕಿ ಹೆಸರಲ್ಲಿ 'ಅಪ್ಪ' 'ಗೌಡ' ಏನಾದ್ರೂ ಕಂಡ್ರೆ ಸಾಕು, "ಯುವರ್ ಪೀಪಲ್" ಅಂತ ಕೀ ನನ್ನ ಕಡೆ ಎಸೀತಾನೆ.

೧. ನಿಂಬೆಹಣ್ಣು

ಹೂಸ್ಟನ್‌ನ ಹಿಲ್‌ಕ್ರಾಫ್ಟ್‌ನಲ್ಲಿ ಸೀರೆ ಅಂಗಡಿ ಇಟ್ಟಿರೋ ಅಂಕಲ್ ಒಬ್ರು ಹೊಸ ಟ್ರೇಲರ್ ಕೊಂಡ್ರು. ಲೇಕ್ ದಂಡೆಗೆ ಡೆಲಿವರಿ. ಬೇಸಿಗೆ ಬಿಸಿಲು, ಹೂಸ್ಟನ್ ಸೆಕೆ, ಇಡ್ಲಿ ಪಾತ್ರೆ ಒಳಗೆ ಕೂತ ಹಾಗೆ. ಹಲಗೆ ಕೊಟ್ಟು, ಬೆಣೆ ಹೊಡ್ದು, ಟ್ರಕ್ ಬಿಚ್ಚಿ, ರಸಮಟ್ಟ ಇಟ್ಟು ನೋಡ್ದೆ. ಗುಳ್ಳೆ ಸರಿಯಾಗಿ ನಡುಮಧ್ಯೆ. ಬೆವರು ಒರೆಸ್ಕೊಂಡು ತಿರುಗಿದ್ರೆ ಅಂಕಲ್ ಆರತಿ ತಟ್ಟೆ ಹಿಡ್ಕೊಂಡು ನಿಂತಿದಾರೆ.

"ಹಲಗೆ ತೆಗಿಯಪ್ಪ, ನಿಂಬೆಹಣ್ಣು ಇಡ್ಬೇಕು. ಗಾಡಿ ಅದರ ಮೇಲೆ ಒಂದು ಸುತ್ತು ಮುಂದೆ ಹೋಗ್ಬೇಕು."

"ಅಂಕಲ್, ಇದು ನಿಲ್ಲೋಕೆ ಬಂದಿರೋ ಗಾಡಿ, ಹೋಗೋಕಲ್ಲ. ಬೇಕಿದ್ರೆ ಟ್ರಕ್ ಚಕ್ರಕ್ಕೆ ಇಡಿ."

"ಟ್ರಕ್ ನಿಮ್ದು. ನಮ್ಮ ನಿಂಬೆಹಣ್ಣು ನಿಮ್ಮ ಟ್ರಕ್ಕಿಗೆ ಯಾಕೆ?"

ಕೆಳಗೆ ಇಳಿಸಿದ್ದನ್ನೆಲ್ಲಾ ಮತ್ತೆ ಮೇಲೆತ್ತಿ, ಟ್ರಕ್ಕಿಗೆ ಸಿಕ್ಕಿಸಿ, ಪಚಕ್ ಅನ್ನಿಸಿ, ಹಿಂದೆ ತಂದು, ಎರಡನೇ ಸಲ ಲೆವೆಲ್ ಮಾಡ್ದೆ. ಆಗ ಒಳಗಿಂದ ಆಂಟಿ: "ರೀ, ವಾಚ್ ನೋಡಿದ್ರಾ? ರಾಹುಕಾಲ ಇನ್ನೂ ಮುಗ್ದಿರ್ಲಿಲ್ಲ!"

ಮೂರನೇ ಸಲ ಲೆವೆಲ್ ಆಗೋ ಹೊತ್ತಿಗೆ ನನಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. "ಆಂಟಿ, ಸ್ವಲ್ಪ ನಿಂಬೆಹಣ್ಣಿನ ಪಾನಕ ಸಿಗುತ್ತಾ?" ಅಂದೆ.

"ಅಯ್ಯೋ, ಇದ್ದ ನಿಂಬೆಹಣ್ಣನ್ನೆಲ್ಲಾ ನೀನೇ ಹಿಂಡಿ ಹಾಕಿದ್ಯಲ್ಲಪ್ಪಾ!"

೨. ಊಟದ ಮಣೆ

ಇದು ಡಾಲಸ್ ಕಡೆ, ಲಿಟಲ್ ಎಲ್ಮ್. ಗಿರಾಕಿ ಹುಬ್ಬಳ್ಳಿಯೋರು, ಸಾಫ್ಟ್‌ವೇರು. ಊರಿಂದ ತಾಯೀನ ಕರೆಸ್ಕೊಂಡಿದ್ರು, ಅಜ್ಜಿಗೆ ಲೇಕ್ ತೋರ್ಸೋಕೆ ಟ್ರೇಲರು. ಚೆನ್ನಾಗಿ ನಿಲ್ಸಿ, ಮೂಲೆ ಕಾಲುಗಳು ಮಣ್ಣಿಗೆ ಹೂತ್ಕೊಳ್ಳದ ಹಾಗೆ ಒಂದೊಂದರ ಕೆಳಗೂ ದಪ್ಪ ಮರದ ಹಲಗೆ ಕೊಟ್ಟು, ಪೆಟ್ರೋಲ್ ಹಾಕಿಸ್ಕೊಂಡು ಬರೋಣ ಅಂತ ಹೋದೆ. ಅಷ್ಟರಲ್ಲೇ ಫೋನು.

"ಏನ್ರೀ ನಿಮ್ ಗಾಡಿ! ಒಬ್ರು ಸೀನಿದ್ರ ಎಲ್ಲಾರೂ ಅಲುಗ್ಯಾಡ್ತೀವಲ್ರೀ!"

ಉರಿತಾ ವಾಪಸ್ ಬಂದೆ. ನೋಡ್ತೀನಿ, ನಾಲ್ಕು ಕಾಲೂ ಗಾಳೀಲಿ ನೇತಾಡ್ತಿವೆ. ಹಲಗೆ ಒಂದೂ ಇಲ್ಲ. ಆಚೆ ಓಕ್ ಮರದ ನೆರಳಲ್ಲಿ ಮನೆಮಂದಿಯೆಲ್ಲಾ ಸಾಲಾಗಿ ರೊಟ್ಟಿ ತಿಂತಾ ಕೂತಿದಾರೆ, ನನ್ನ ಹಲಗೆಗಳ ಮೇಲೆ. ಅಜ್ಜಿಗೆ ನೆಲದ ಮೇಲೆ ಕೂತು ಉಣ್ಣೋಕೆ ಮಣೆ ಬೇಕಾಗಿತ್ತಂತೆ. ಮಗ ಕಾಲುಗಳನ್ನ ತಿರುಗಿಸಿ ಮೇಲೆತ್ತಿ, ಎಳೆದು ಕೊಟ್ಟಿದಾನೆ.

ಮೊಮ್ಮಗ ಒಬ್ನೇ ಬುದ್ಧಿವಂತ. "ಅಜ್ಜಿ, ಐ ಟೋಲ್ಡ್ ಯೂ, ದಟ್ಸ್ ಹೋಲ್ಡಿಂಗ್ ಅಪ್ ದ ಹೌಸ್!" ಅಂತಿದಾನೆ. ಅಜ್ಜಿ "ಹೌದಪ್ಪಾ ನನ್ ಬಂಗಾರ, ಹೌಸು" ಅಂತ ಅವನ ತಟ್ಟೆಗೆ ಎಣ್ಣೆಗಾಯಿ ಹಾಕ್ತಿದಾರೆ.

ನಾನು ಬಾಯಿ ತೆಗ್ದೆ. "ಏನ್ ಸಾರ್ ಇದು, ಬುದ್ಧಿ ಇದೆಯಾ, ಗಾಡಿ ಬಿದ್ದಿದ್ರೆ..."

ಅಜ್ಜಿ ಮೇಲಿಂದ ಕೆಳಗಿನವರೆಗೆ ನೋಡಿದ್ರು. ಪಕ್ಕಕ್ಕೆ ಸರಿದು ತಮ್ಮ ಹಲಗೇಲಿ ಅರ್ಧ ಜಾಗ ಮಾಡಿದ್ರು. "ಹಸದಾನ ಹುಡುಗ, ಅದಕ್ಕ ಒದರಾಕತ್ತಾನ. ಕೂಡಪ್ಪಾ. ಮೊದ್ಲ ಉಣ್ಣು, ಸಿಟ್ಟು ಆಮ್ಯಾಲ ಮಾಡ್ಕೊಳ್ಳುವಂತಿ."

ಕೂತೆ. ಶೇಂಗಾ ಚಟ್ನಿ ಬೇರೆ ಇತ್ತು. ಆಮೇಲೆ ಎಷ್ಟು ಪ್ರಯತ್ನ ಪಟ್ರೂ ಸಿಟ್ಟು ವಾಪಸ್ ಬರ್ಲಿಲ್ಲ. ಆ ಕೋಪ ಅಜ್ಜಿ ಇನ್ನೂ ನನಗೆ ಬಾಕಿ ಇಟ್ಟಿದಾರೆ.

೩. ಬರ್ಲಿ ಬರ್ಲಿ

ಆಸ್ಟಿನ್‌ನಲ್ಲಿ ಎಂ.ಎಸ್. ಮಾಡೋ ನಮ್ಮ ಕಡೆ ಹುಡುಗ್ರು. ಒಂದು ಟ್ರೇಲರಿಗೆ ಒಂದು ಹಾಸ್ಟೆಲ್ಲೇ ಬಂದಿತ್ತು. ನಾನು ಲೆವೆಲ್ ಮುಗಿಸಿ ಹಿಂದೆ ನೀರಿನ ಪೈಪ್ ಸಿಕ್ಕಿಸ್ತಿದ್ದೆ. "ಸ್ಲೈಡ್ ನಾನು ಹೇಳೋವರೆಗೆ ಮುಟ್ಬೇಡಿ" ಅಂದಿದ್ದೆ. ಅಂದಿದ್ದೇ ತಪ್ಪು. ಒಬ್ಬ ಒಳಗೆ ಹೋಗಿ ಬಟನ್ ಮೇಲೆ ಬೆರಳಿಟ್ಟ. ಇನ್ನೊಬ್ಬ ಹೊರಗೆ ನಿಂತು, ಮೆಜೆಸ್ಟಿಕ್‌ನಲ್ಲಿ ಬಸ್ ರಿವರ್ಸ್ ತಗೊಳ್ಳೋವಾಗ ಕಂಡಕ್ಟರ್ ಹೊಡೀತಾನಲ್ಲ, ಹಾಗೆ ತಗಡು ಬಡೀತಾ ಶುರು ಹಚ್ಚಿದ.

"ಬರ್ಲಿ ಬರ್ಲಿ ಬರ್ಲಿ... ಬರ್ಲಿ ಬರ್ಲಿ..."

ಟಣ್! ಸ್ಲೈಡು ಓಕ್ ಮರಕ್ಕೆ.

"ಹೋಲ್ಡಾನ್!"

ನಾನು ಓಡಿಬಂದು ಅವನ ಕಾಲರ್ ಹಿಡಿಯೋಕೊಂದೇ ಬಾಕಿ. "ಮರ ಕಾಣ್ಲಿಲ್ವೇನೋ?"

"ಕಾಣ್ತಿತ್ತು ಬ್ರೋ. ಅದಕ್ಕೇ ತಾನೇ ಹೋಲ್ಡಾನ್ ಅಂದಿದ್ದು?"

ಸಿವಿಲ್ ಎಂಜಿನಿಯರಿಂಗು. ಸೇತುವೆ ಕಟ್ತಾನಂತೆ. ದಯವಿಟ್ಟು ದೋಣಿ ಓಡ್ಸೋದು ಕಲ್ತ್ಕೊಳಿ.

ಓನರ್ ಮಾತ್ರ ನಗ್ಲಿಲ್ಲ. ಹ್ಯಾಟ್ ತೆಗ್ದು ತಲೆ ಕೆರ್ಕೊಂಡು ತಣ್ಣಗೆ ಹೇಳ್ದ: "ಯಾರು ಮುರಿದ್ರು ಅಂತ ನಾನು ಕೇಳಲ್ಲ. ನೀನು ನಿಲ್ಸಿದ ಗಾಡೀಲಿ ಇನ್ನೊಂದು ಸ್ಲೈಡ್ ಕೆಟ್ರೆ, ಮತ್ತೆ ಈ ಕಡೆ ಬರ್ಬೇಡ." ಈ ಸುದ್ದಿ ಊಟಕ್ಕೆ ಕೂತಾಗ ನಾನೇ ಉಸುರಿಬಿಟ್ಟೆ. ಭಾವ ಇನ್ನೊಂದು ಸಲ ಸಾರು ಹಾಕಿಸ್ಕೊಂಡ್ರು. ಅವರು ಖುಷಿಯಾದಾಗ ಮಾತ್ರ ಹಾಗೆ ಮಾಡೋದು.

೪. ಕಂಬ ಇಲ್ದ ಬಾಲ್ಕನಿ

ಲಾಂಗ್ ವೀಕೆಂಡಿಗೆ ಟ್ರೇಲರ್ ಬೇಕು ಅಂತ ಈ ಸಲ ಕೇಳ್ದೋರು ಸಾಕ್ಷಾತ್ ಭಾವ. ಆಸ್ಟಿನ್ ಹೊರಗೆ ಲೇಕು. ಭಾವ, ಅಕ್ಕ, ಅವರ ಮಗಳು, ನಾನು. ಪ್ರಾಣ ಒತ್ತೆ ಇಟ್ಟ ಹಾಗೆ ಲೆವೆಲ್ ಮಾಡ್ದೆ. ಸ್ಲೈಡ್ ತೆಗ್ದೆ. ಕೈಮುಗಿದು ಹೇಳ್ದೆ: "ಭಾವ, ಇನ್ನು ಏನೂ ಮುಟ್ಬೇಡಿ. ಐಸ್ ತಗೊಂಡು ಬರ್ತೀನಿ."

ಹೋಗಿದ್ದು ಐಸಿಗೆ. ಅಷ್ಟರಲ್ಲಿ ಜೋರು ಮಳೆ ಬಂದು ಹೋಯ್ತು, ಟೆಕ್ಸಸ್ ಮಳೆ, ಸಿಟ್ಟು ಬಂದು ಬಕೆಟ್ ಎಸೆದ ಹಾಗೆ. ವಾಪಸ್ ಬಂದಾಗ ಸೊಸೆ, ಅದೇ ಅಕ್ಕನ ಮಗಳು, ಓಡಿ ಬಂದ್ಳು.

"ಮಾಮ! ಡ್ಯಾಡ್ ಫಿಕ್ಸ್ಡ್ ಇಟ್!"

ಏನೂ ಕೆಟ್ಟಿರ್ಲಿಲ್ವಲ್ಲ, ಫಿಕ್ಸ್ ಮಾಡಿದ್ದು ಏನನ್ನ?

ಸ್ಲೈಡ್ ಕೆಳಗೆ ಎರಡು ಹೊಸ ಜ್ಯಾಕು, ಫಳಫಳ ಅಂತಿವೆ. ಭಾವ ಅದನ್ನ ಮೊದ್ಲೇ ತಂದು ಕಾರಲ್ಲಿ ಬಚ್ಚಿಟ್ಟಿದ್ರು.

"ಏನ್ ಭಾವ ಇದು?"

"ಸಪೋರ್ಟು ಕಣೋ. ಕಂಬ ಇಲ್ದೆ ಬಾಲ್ಕನಿ ಯಾವನಾದ್ರೂ ಕಟ್ತಾನಾ? ಟೈಟ್ ಮಾಡಿದೀನಿ. ಆನೆ ಕೂತ್ರೂ ಅಲ್ಲಾಡಲ್ಲ."

ಅಲ್ಲಾಡಲ್ಲ, ಅದೇ ಕಷ್ಟ. ಜ್ಯಾಕು ನಿಂತಿರೋದು ಸಿಮೆಂಟಿನ ಮೇಲೆ. ಅದೇ ಕಡೆ ಚಕ್ರ ನಿಂತಿರೋದು ಹುಲ್ಲಿನ ಮೇಲೆ. ಮಳೆಗೆ ಹುಲ್ಲು ಕೆಸರಾಯ್ತು, ಹಲಗೆ ಸಮೇತ ಚಕ್ರ ಇಳೀತು, ಗಾಡಿ ವಾಲ್ತು. ಸ್ಲೈಡ್ ಮಾತ್ರ ಇಳಿಯೋಕೆ ಭಾವ ಬಿಟ್ಟಿಲ್ಲ. ಮೈ ಕೆಳಗೆ ಹೋಗ್ತಿದೆ, ತೋಳು ಹಿಡಿದು ಮೇಲೆಳೀತಿದಾರೆ. ಒಳಗೆ ಹೋಗಿ ನೋಡಿದ್ರೆ ಮೂಲೇಲಿ ಮರದ ಪಟ್ಟಿ ಸೀಳಿದೆ. ಬಟನ್ ಒತ್ದೆ. ಗುರ್ರ್ ಅಂತು, ಒಳಗೆ ಬರ್ಲಿಲ್ಲ.

"ನನ್ನ ಕೆಲಸ ಹೋಯ್ತು ಭಾವ."

ಭಾವ ಗಂಟಲು ಸರಿ ಮಾಡ್ಕೊಂಡು, "ನಿನ್ನ ಲೆವೆಲ್ಲೇ ಸರಿ ಇರ್ಲಿಲ್ಲ ಅನ್ಸುತ್ತೆ. ಇರ್ಲಿ ಬಿಡು. ಹೇಗಿದ್ರೂ ಆಗಸ್ಟ್‌ನಲ್ಲಿ ಕಾಲೇಜ್ ಶುರು ಆಗುತ್ತಲ್ಲ" ಅಂದ್ರು.

ನಾನು ಏನೋ ಅನ್ನೋಕೆ ಹೋದೆ. ಅಷ್ಟರಲ್ಲಿ ಅಕ್ಕ ಚಪಾತಿ ಲಟ್ಟಿಸ್ತಿದ್ದೋಳು ಲಟ್ಟಣಿಗೆ ಕೆಳಗಿಟ್ಟಳು. ಇಟ್ಟಿದ್ದಷ್ಟೇ, ಅದು ತಾನಾಗೇ ಉರುಳ್ಕೊಂಡು ಹೋಗಿ ಸಿಂಕಿಗೆ ಬಿತ್ತು. ಅಷ್ಟು ವಾಲಿತ್ತು ಗಾಡಿ.

"ರೀ, ಆ ಜ್ಯಾಕ್ ಇಟ್ಟೋರು ಯಾರು?"

"ಸಪೋರ್ಟ್‌ಗೆ ಅಂತ ಇಟ್ಟೆ ಕಣೆ."

"ಸಪೋರ್ಟ್ ಕೇಳಿದ್ದು ಯಾರು? ಕೇಳದೇ ಇರೋ ಕಡೆಯೆಲ್ಲಾ ಕಂಬ ನಿಲ್ಸೋದು ನಿಮಗೊಂದು ಚಟ. ತಗೊಳಿ ಫೋನು. ನಾನೇ ಮಾಡಿದ್ದು ಅಂತ ಆ ಓನರಿಗೆ ಹೇಳಿ."

"ಯಾವನೋ ಟ್ರೇಲರ್ ಮಾರೋನಿಗೆ ನಾನು ಸಾರಿ ಹೇಳ್ಬೇಕಾ? ಸಾಧ್ಯನೇ ಇಲ್ಲ!"

ಅಂದೋರೇ ಭಾವ ಧಡಧಡ ಹೊರಗೆ ಹೋಗಿ ಬಾಗಿಲು ಧಡಾರ್ ಅಂತ ಹಾಕಿದ್ರು. ಬಾಗಿಲು ಚೌಕಟ್ಟಿಗೆ ಬಡಿದು, ಚಿಲಕ ಸೇರದೆ, ಮೆಲ್ಲಗೆ ವಾಪಸ್ ತೆರ್ಕೊಂಡು ಅವರ ಬೆನ್ನಿಗೆ ತಟ್ಟಿತು. ಮತ್ತೆ ಹಾಕಿದ್ರು. ಮತ್ತೆ ಬಂತು. ಇನ್ನೊಂದು ಸಲ ಹಾಕಿದ್ರು. ಮತ್ತೆ ಬಂತು, ಈ ಸಲ ಕಿರ್ರ್ ಅಂತ ನಕ್ಕೊಂಡು. ಸೊಸೆ ಸೋಫಾ ಮೇಲೆ ಬಿದ್ದು ಬಿದ್ದು ನಗ್ತಿದಾಳೆ. ಪಕ್ಕದ ಟೆಂಟಿನೋರು ಬರ್ಗರ್ ಕೈಲೇ ಹಿಡ್ಕೊಂಡು ನೋಡ್ತಿದಾರೆ. ಕೊನೆಗೆ ಭಾವ ಏನು ಮಾಡಿದ್ರು ಗೊತ್ತಾ? ಕೋಪ ಮಾಡ್ಕೊಂಡು ಎದ್ದುಹೋದ ಮನುಷ್ಯ, ಬಾಗಿಲು ತೆರ್ಕೊಳ್ದೇ ಇರ್ಲಿ ಅಂತ ಹೊರಗಿಂದ ಹಿಡಿ ಹಿಡ್ಕೊಂಡು ಅಲ್ಲೇ ನಿಂತ್ರು.

"ಬಿಡ್ರೀ ಬಾಗಿಲು!" ಅಕ್ಕ ಒಳಗಿಂದ ಕಿರುಚಿದ್ಳು. "ನಾನೂ ಹೊರಗೆ ಹೋಗ್ಬೇಕು! ನನಗೂ ಕೋಪ ಬಂದಿದೆ!"

ಭಾವ ಬಿಟ್ರು. ಬಾಗಿಲು ತಾನೇ ಬಂತು. ಅಕ್ಕ ಹೊಸ್ತಿಲವರೆಗೆ ಹೋದೋಳು, ಆ ಚಿಲಕ ನೋಡಿದ್ಳು, ಪಕ್ಕದ ಟೆಂಟ್ ನೋಡಿದ್ಳು, ನನ್ನ ಕಡೆ ತಿರುಗಿದ್ಳು. "ಲೋ, ಮೊದ್ಲು ಇದನ್ನ ಲೆವೆಲ್ ಮಾಡು. ಇವರ ಥರ ಮರ್ಯಾದೆ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ. ನಾನು ಬಾಗಿಲು ಹಾಕಿದ್ರೆ ಹಾಕ್ಕೋಬೇಕು."

"ನಾನು ಮಾಡಲ್ಲ ಅಕ್ಕ. ನನ್ನ ಲೆವೆಲ್ ಸರಿ ಇಲ್ವಂತಲ್ಲ. ಎಂಜಿನಿಯರ್ ಮಾಡ್ಲಿ. ನಾನು ಹೇಳ್ತೀನಿ."

ಭಾವ ಅಕ್ಕನ ಮುಖ ನೋಡಿದ್ರು. ಅಲ್ಲಿ ಏನು ಕಾಣ್ತೋ, ಪ್ಯಾಂಟ್ ಮಡಚ್ಕೊಂಡು ಕೆಸರಲ್ಲಿ ಮಂಡಿಯೂರಿದ್ರು.

"ಮೊದ್ಲು ನಿಮ್ಮ ಕಂಬ ಸಡಿಲಿಸಿ ಭಾವ. ಆ ಕಡೆದು ಸ್ವಲ್ಪ, ಈ ಕಡೆದು ಸ್ವಲ್ಪ. ಒಂದೇ ಸಲಕ್ಕಲ್ಲ!"

ಸ್ಲೈಡು ನಿಟ್ಟುಸಿರು ಬಿಟ್ಟು ಇಳೀತು. ಬಟನ್ ಒತ್ದೆ, ನರಳ್ತಾ ಒಳಗೆ ಬಂತು. ಮೂಲೆ ಕಾಲು ಮೇಲೆತ್ತಿ, ಟ್ರಕ್ಕಿಗೆ ಸಿಕ್ಕಿಸಿ, ತಗ್ಗಿನ ಚಕ್ರದ ಕೆಳಗೆ ಇನ್ನೊಂದಷ್ಟು ಹಲಗೆ ಭಾವನ ಕೈಲೇ ಇಡಿಸ್ದೆ. ನಾನು ಟ್ರಕ್ ಹತ್ತಿ ಮೆಲ್ಲಗೆ ಏರಿಸ್ತಿದ್ರೆ ಹಿಂದಿನಿಂದ ಭಾವ, "ಬರ್ಲಿ ಬರ್ಲಿ ಬರ್ಲಿ..."

"ಭಾವ, ಆ ಮಾತೊಂದು ಆಡ್ಬೇಡಿ, ನಿಮ್ಮ ದಮ್ಮಯ್ಯ!"

ಬೆಣೆ ಹಾಕಿದ್ರು. ಮುಂದಿನ ಜ್ಯಾಕ್ ತಿರುಗಿಸಿದ್ರು. ಕಾಲು ಇಳಿಸಿದ್ರು. ನಾನು ಹೇಳಿದ್ದನ್ನ ಹೇಳಿದ ಕ್ರಮದಲ್ಲಿ ಆ ಮನುಷ್ಯ ಮಾಡಿದ್ದು ಅದೇ ಮೊದಲು. ಒಳಗೆ ಹೋಗಿ ಅಕ್ಕ ಲಟ್ಟಣಿಗೆ ಇಟ್ಟು ನೋಡಿದ್ಳು. ಅಲ್ಲಾಡ್ಲಿಲ್ಲ. ಫೋನ್ ತೆಗ್ದು ಭಾವನ ಕೆಸರುಗೈಗೆ ಕೊಟ್ಟಳು.

ಭಾವ ಫೋನ್ ಮಾಡಿದ್ರು. ಜೋರಾಗಿ ಕೇಳೋ ಫೋನು, ನಮಗೆಲ್ಲಾ ಕೇಳಿಸ್ತಿತ್ತು. ಹುಡುಗ ಸರಿಯಾಗೇ ನಿಲ್ಸಿದ್ದ, ಸ್ಲೈಡ್ ಕೆಳಗೆ ಜ್ಯಾಕ್ ಕೊಟ್ಟು ಕೆಡಿಸಿದ್ದು ನಾನು, ರಿಪೇರಿ ನನ್ನದು ಅಂದ್ರು.

"ನೀನು ಎಂಜಿನಿಯರಾ?" ಅಂದ ಓನರ್.

"ಹೌದು."

"ಹಾಗನ್ನು ಮತ್ತೆ! ಎಂಜಿನಿಯರ್ ಪಕ್ಕದಲ್ಲಿದ್ದೂ ಅವನು ಗಾಡಿ ವಾಪಸ್ ತರ್ತಿದಾನಾ? ನನ್ನ ಹುಡುಗನ್ನ ತಪ್ಪದೆ ಕೆಲಸಕ್ಕೆ ಕಳ್ಸು."

ಅಕ್ಕ ನನ್ನ ತಲೆ ಮೇಲೆ ಒಂದು ಮೊಟಕಿದ್ಳು. ಅದು ಅವಳ ಅಪ್ಪುಗೆ. ಭಾವ ಫೋನ್ ಕೆಳಗಿಟ್ಟು, ಕೈ ಒರೆಸ್ಕೊಂಡು, ಸೋಫಾ ಮೇಲೆ ಕೂತು, ಒಂದು ಲೋಟ ನೀರು ಕುಡಿದ್ರು. ಎಲ್ಲಾ ಮುಗೀತು ಅಂದ್ಕೊಂಡೆ.

"ಅಲ್ಲ," ಅಂದ್ರು ಭಾವ, "ಆದ್ರೂ ಈವನಿಂಗ್ ಕಾಲೇಜ್ ಅಂತ ಒಂದಿದೆ..."

ಅಕ್ಕ ಅವರನ್ನೇ ನೋಡಿದ್ಳು. ಸೆರಗಿಲ್ಲ, ಉಟ್ಟಿದ್ದು ಜೀನ್ಸು, ಆದ್ರೂ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡ ಹಾಗೆ ಎದ್ದಳು. ಚಪ್ಪಲಿ ಮೆಟ್ಟಿದ್ಳು. ಮೆಟ್ಟಿಲಿಳಿದು ಹೊರಗೆ ಹೋಗಿ, ತಿರುಗಿ ನೋಡದೆ, ಬಾಗಿಲು ಹಾಕಿದ್ಳು.

ಟಕ್.

ವಾಪಸ್ ಬರ್ಲಿಲ್ಲ.